ಬೆನ್ನಿನ ಹೊರೆ, ದಾರಿಯ ಆಸರೆ

ಬೆನ್ನಿಗೆ ಚೀಲ ಏರಿಸಿಕೊಂಡು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಪರದೇಶದಲ್ಲಿ ಸುತ್ತುವ ಪ್ರವಾಸಕ್ರಮ ಕರ್ನಾಟಕದ ಯುವಜನರಿಗೂ ನಿವೃತ್ತರಿಗೂ ಈಗ ಅಪರಿಚಿತವಲ್ಲ. ಅಂಥ ಪಯಣದ ಸಿದ್ಧತೆಯಲ್ಲಿ ವೀಸಾ, ಟಿಕೆಟ್, ವಿಮೆ ಮತ್ತು ಹಣದ ಏರ್ಪಾಡಿಗೆ ಸಲ್ಲುವಷ್ಟು ಗಮನ ಚೀಲದ ತೂಕಕ್ಕೆ ಸಲ್ಲುವುದಿಲ್ಲ. ಆದರೆ ನಡಿಗೆ ಶುರುವಾದ ಮೇಲೆ ಮೊಣಕಾಲು, ಹೆಗಲು, ನಿದ್ರೆ, ಮನಸ್ಸು ಇವೆಲ್ಲ ಯಾವ ಸ್ಥಿತಿಯಲ್ಲಿರುತ್ತವೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ತೂಕವೇ. ಹಗುರವಾಗಿ ಹೊರಡುವ ವಿದ್ಯೆಯನ್ನು ದುಬಾರಿ ಸಾಮಗ್ರಿಗಳ ಆಯ್ಕೆಯೆಂದು ಕೆಲವರು, ವೈರಾಗ್ಯದ ಒಂದು ರೂಪವೆಂದು ಇನ್ನು ಕೆಲವರು ಭಾವಿಸುತ್ತಾರೆ. ಎರಡೂ ಅಭಿಪ್ರಾಯಗಳಲ್ಲಿ ಸ್ವಲ್ಪ ಸತ್ಯವಿದ್ದರೂ, ಈ ವಿದ್ಯೆಯ ಇತಿಹಾಸವನ್ನು ಗಮನವಿಟ್ಟು ನೋಡಿದರೆ ಬೇರೊಂದು ಸಂಗತಿ ಸ್ಪಷ್ಟವಾಗುತ್ತದೆ: ಪಯಣಿಗರು ತಮ್ಮ ಚೀಲದಿಂದ ಯಾವ ವಸ್ತುವನ್ನು ತೆಗೆದಿಟ್ಟರೂ ಅದರ ಕೆಲಸವನ್ನು ದಾರಿಯಲ್ಲಿ ಇನ್ಯಾರೋ, ಇನ್ಯಾವುದೋ ಏರ್ಪಾಡೋ ವಹಿಸಿಕೊಂಡಿರುತ್ತದೆ. ಆ ಏರ್ಪಾಡನ್ನು ಮೊದಲೇ ಅರಿತು, ನಂಬಿ, ಅದಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುವವರು ಮಾತ್ರ ನಿಜವಾದ ಅರ್ಥದಲ್ಲಿ ಹಗುರವಾಗಿ ಪ್ರಯಾಣಿಸಬಲ್ಲರು.

ಹತ್ತರಲ್ಲಿ ಒಂದು ಪಾಲು

ಈ ಮಾತನ್ನು ಪರೀಕ್ಷಿಸಲು ಸ್ಪೇನಿನ ಕಮೀನೊ ದೆ ಸಾಂತಿಯಾಗೊಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಯೇಸುವಿನ ಶಿಷ್ಯನಾದ ಸಂತ ಯಾಕೋಬನ ಸಮಾಧಿ ಇದೆಯೆಂದು ನಂಬಲಾದ ಸಾಂತಿಯಾಗೊ ದೆ ಕೊಂಪೊಸ್ತೇಲಾ ನಗರದ ಕಡೆಗೆ ಯುರೋಪಿನ ನಾನಾ ಭಾಗಗಳಿಂದ ಸಾಗುವ ಯಾತ್ರಾಮಾರ್ಗಗಳ ಜಾಲಕ್ಕೆ ಈ ಹೆಸರಿದೆ. ಇವುಗಳ ಪೈಕಿ ಹೆಚ್ಚು ಪ್ರಸಿದ್ಧವಾದ ಫ್ರೆಂಚ್ ಮಾರ್ಗವು ಫ್ರಾನ್ಸಿನ ಸೇಂಟ್ ಜಾನ್ ಪಿಯೆ ದ ಪೋರ್ ಎಂಬ ಊರಿನಿಂದ ಹೊರಟು, ಪಿರೆನೀಸ್ ಪರ್ವತಶ್ರೇಣಿಯನ್ನು ದಾಟಿ, ಸುಮಾರು 780 ಕಿಲೋಮೀಟರ್ ಸಾಗಿ ಗಮ್ಯವನ್ನು ತಲುಪುತ್ತದೆ. ಸಾಮಾನ್ಯ ನಡಿಗೆಯವರಿಗೆ ಇದು ಐದು ವಾರಗಳ ದಾರಿ. ಸ್ಪೇನಿನೊಳಗಿನ ಈ ಮಾರ್ಗವನ್ನು ಯುನೆಸ್ಕೊ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಈ ದಾರಿಯ ನದಿಗಳು, ಊರುಗಳು ಮತ್ತು ಜನರ ವಿವರಗಳುಳ್ಳ ಮಾರ್ಗದರ್ಶಿಯೊಂದು ಲ್ಯಾಟಿನ್ ಭಾಷೆಯಲ್ಲಿ ರಚಿತವಾಗಿತ್ತು ಎಂಬುದನ್ನು ನೆನೆದರೆ, ಇಲ್ಲಿ ಯಾತ್ರಿಕರಿಗೆ ಬೇಕಾದ ತಿಳಿವಳಿಕೆ ಎಷ್ಟು ತಲೆಮಾರುಗಳಿಂದ ಕೂಡಿಬಂದಿದೆ ಎಂಬುದು ಅರಿವಾಗುತ್ತದೆ.

ಕಮೀನೊ ನಡೆಯುವವರ ನಡುವೆ ಬಳಕೆಯಲ್ಲಿರುವ ಒಂದು ಸರಳ ಸೂತ್ರದ ಪ್ರಕಾರ ಚೀಲದ ತೂಕ ಹೊರುವವರ ದೇಹತೂಕದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು. ಅಂದರೆ 60 ಕೆ.ಜಿ. ತೂಗುವವರ ಚೀಲ ನೀರೂ ಸೇರಿ 6 ಕೆ.ಜಿ.ಯೊಳಗೆ ಇರಬೇಕು. ಮೊದಲ ದಿನದ ದಾರಿಯೇ ಈ ಸೂತ್ರದ ಬೆಲೆಯನ್ನು ತಿಳಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 170 ಮೀಟರ್ ಎತ್ತರದಲ್ಲಿರುವ ಸೇಂಟ್ ಜಾನ್ ಊರಿನಿಂದ 1,400 ಮೀಟರ್ ದಾಟಿದ ಕಣಿವೆದಾರಿಯವರೆಗೆ ಏರಿ, ಅಲ್ಲಿಂದ ಕಡಿದಾದ ಇಳಿಜಾರಿನಲ್ಲಿ ರೊನ್ಸೆಸ್ವಾಯೆಸ್ ಮಠದ ಬಳಿ ಇಳಿಯುವ ಸುಮಾರು 25 ಕಿಲೋಮೀಟರ್‌ಗಳಲ್ಲಿ, ಮನೆಯಲ್ಲಿ ಎತ್ತಿ ನೋಡಿದಾಗ ಅಷ್ಟೇನೂ ಭಾರವೆನಿಸದ ಚೀಲ ಹೆಜ್ಜೆಹೆಜ್ಜೆಗೂ ತನ್ನ ಇರವನ್ನು ನೆನಪಿಸುತ್ತದೆ.

ಇಷ್ಟು ದೂರದ ದಾರಿಗೆ ಇಷ್ಟು ಸಣ್ಣ ಚೀಲ ಸಾಕಾಗುವುದಾದರೂ ಹೇಗೆ ಎಂಬ ಪ್ರಶ್ನೆಗೆ ಉತ್ತರ ಆಲ್ಬೆರ್ಗೆ ಎಂಬ ವ್ಯವಸ್ಥೆಯಲ್ಲಿದೆ. ಆಲ್ಬೆರ್ಗೆ ಎಂದರೆ ಯಾತ್ರಿಕರಿಗೆಂದೇ ಊರಾಡಳಿತ, ಚರ್ಚು, ಸಂಘಸಂಸ್ಥೆ ಅಥವಾ ಖಾಸಗಿಯವರು ನಡೆಸುವ ಛತ್ರ. ಸಾಲುಮಂಚಗಳ ಮೇಲೆ ಮಲಗುವ ಜಾಗ, ಬಿಸಿನೀರು, ಅನೇಕ ಕಡೆ ಅಡುಗೆಮನೆ, ಬಟ್ಟೆ ಒಗೆಯುವ ತೊಟ್ಟಿ ಮತ್ತು ಒಣಹಾಕುವ ಹಗ್ಗ ಇವಿಷ್ಟು ಅಲ್ಲಿ ದೊರೆಯುವುದರಿಂದ ಡೇರೆ, ಒಲೆ, ಪಾತ್ರೆ, ಇಂಧನ ಯಾವುದನ್ನೂ ಹೊರಬೇಕಾಗಿಲ್ಲ. ಕ್ರೆದೆನ್ಸಿಯಾಲ್ ಎಂಬ ಯಾತ್ರಿಕರ ಗುರುತುಪುಸ್ತಿಕೆಗೆ ತಂಗಿದ ಊರುಗಳಲ್ಲಿ ಮುದ್ರೆ ಹಾಕಿಸಿಕೊಳ್ಳುತ್ತ ಸಾಗಿದವರಿಗೆ ಈ ಛತ್ರಗಳ ಬಾಗಿಲು ತೆರೆದಿರುತ್ತದೆ. ನಕಾಶೆಯ ಕಂತೆಯೂ ಬೇಡ: ಒ ಸೆಬ್ರೇರೊ ಎಂಬ ಬೆಟ್ಟದೂರಿನ ಪಾದ್ರಿಯಾಗಿದ್ದ ಎಲಿಯಾಸ್ ವಾಲಿಞಾ ಅವರು 1980ರ ದಶಕದಲ್ಲಿ ಮರ, ಗೋಡೆ, ಬಂಡೆಗಳ ಮೇಲೆ ಹಳದಿ ಬಾಣಗಳನ್ನು ಬಳಿಯಲು ಆರಂಭಿಸಿದರು, ಇಂದು ಅದೇ ಬಾಣಗಳು ದಾರಿಯುದ್ದಕ್ಕೂ ತಿರುವುತಿರುವಿನಲ್ಲಿ ದಿಕ್ಕು ತೋರಿಸುತ್ತವೆ. ಒಬ್ಬ ಪಾದ್ರಿಯ ಶ್ರಮ ಲಕ್ಷಾಂತರ ಜನರ ಚೀಲವನ್ನು ಹಗುರಗೊಳಿಸಿದ ಬಗೆಯಿದು.

ದೇಹ ಹೊರೆಯನ್ನು ಹೊರುವ ಬಗೆ

ಹೊರೆ ಮತ್ತು ನಡಿಗೆಯ ಸಂಬಂಧವನ್ನು ಮೊದಲು ವ್ಯವಸ್ಥಿತವಾಗಿ ಅಭ್ಯಸಿಸಿದವರಲ್ಲಿ ಸೈನ್ಯಗಳಿಗಾಗಿ ದುಡಿಯುತ್ತಿದ್ದ ಶರೀರವಿಜ್ಞಾನಿಗಳು ಪ್ರಮುಖರು. ಅಮೆರಿಕದ ಸೇನಾ ಸಂಶೋಧಕರಾದ ಪಂಡೋಲ್ಫ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಸಮೀಕರಣವೊಂದು ದೇಹತೂಕ, ಹೊರೆ, ವೇಗ, ಏರು ಮತ್ತು ನೆಲದ ಸ್ವರೂಪ ಎಂಬ ಐದು ಅಂಶಗಳಿಂದ ನಡಿಗೆಗೆ ಬೇಕಾಗುವ ಶಕ್ತಿಯನ್ನು ಅಂದಾಜು ಮಾಡುತ್ತದೆ. ಆ ಸಮೀಕರಣದ ಒಂದು ಭಾಗದಲ್ಲಿ ದೇಹತೂಕಕ್ಕೆ ಹೊರೆಯ ಅನುಪಾತವು ವರ್ಗಗೊಂಡು ಬರುವುದರಿಂದ, ಹೊರೆ ಹೆಚ್ಚಿದಂತೆ ಶ್ರಮ ಅದೇ ಪ್ರಮಾಣದಲ್ಲಿ ಏರದೆ ಇನ್ನೂ ವೇಗವಾಗಿ ಏರುತ್ತದೆ. ಕಾಲಿನ ಮೇಲಿನ ತೂಕವಂತೂ ಇನ್ನೂ ದುಬಾರಿ. ಪ್ರತಿ ಹೆಜ್ಜೆಗೂ ಪಾದವನ್ನು ಎತ್ತಿ, ಮುಂದೆ ಬೀಸಿ, ನಿಲ್ಲಿಸಬೇಕಾದ್ದರಿಂದ ಕಾಲಿಗೆ ಕಟ್ಟಿದ ಒಂದು ಕಿಲೋ ಬೆನ್ನಿನ ಮೇಲಿನ ನಾಲ್ಕರಿಂದ ಆರು ಕಿಲೋಗಳಷ್ಟು ಶ್ರಮವನ್ನು ಬೇಡುತ್ತದೆಂದು ಪ್ರಯೋಗಗಳು ತೋರಿಸಿವೆ. ದೂರದ ದಾರಿ ನಡೆಯುವ ಅನೇಕರು ಭಾರದ ಚರ್ಮದ ಬೂಟುಗಳನ್ನು ಬಿಟ್ಟು, ಹಿಡಿತವುಳ್ಳ ಅಡಿಯ ಹಗುರ ಓಟದ ಬೂಟುಗಳಿಗೆ ಮೊರೆಹೋಗಿರುವುದಕ್ಕೆ ಇದು ಮುಖ್ಯ ಕಾರಣ.

ಚೀಲದ ರಚನೆಯೂ ಇದೇ ಅರಿವಿನೊಂದಿಗೆ ಬದಲಾಗುತ್ತ ಬಂದಿದೆ. ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ ಅವರು 1952ರಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಚೀಲಗಳನ್ನು ತಯಾರಿಸಿ ಮಾರಲು ತೊಡಗಿದಾಗ ಅವುಗಳ ಮುಖ್ಯ ಗುಣ ಸೊಂಟಪಟ್ಟಿಯಾಗಿತ್ತು. ಹೆಗಲಿನಿಂದ ಜೋತುಬೀಳುವ ಚೀಲ ಬೆನ್ನುಮೂಳೆಯನ್ನು ಒತ್ತುತ್ತದೆ. ಸೊಂಟಪಟ್ಟಿ ಬಿಗಿದಾಗ ಹೊರೆಯ ಹೆಚ್ಚಿನ ಪಾಲು ಸೊಂಟದ ಗಟ್ಟಿಮೂಳೆಯ ಮೇಲೆ ಕುಳಿತು, ಅಲ್ಲಿಂದ ನೇರವಾಗಿ ಕಾಲುಗಳಿಗೆ ಇಳಿಯುತ್ತದೆ. ಭಾರದ ವಸ್ತುಗಳನ್ನು ಬೆನ್ನಿಗೆ ಒತ್ತಿದಂತೆ, ಚೀಲದ ನಡುಮಟ್ಟದಲ್ಲಿ ಇರಿಸಬೇಕೆಂಬ ಸಲಹೆಗೂ ಇದೇ ತರ್ಕ ಆಧಾರ: ತೂಕ ದೇಹದಿಂದ ದೂರ ಸರಿದಷ್ಟೂ ಅದು ಹಿಂದಕ್ಕೆ ಜಗ್ಗುತ್ತದೆ, ಜಗ್ಗಿದಷ್ಟೂ ನಡೆಯುವವರು ಮುಂದಕ್ಕೆ ಬಾಗಬೇಕಾಗುತ್ತದೆ.

ಹೊರೆ ಹೆಚ್ಚಿದಂತೆ ಶ್ರಮವೂ ಹೆಚ್ಚುತ್ತದೆಂಬ ಮಾತಿಗೆ ಪ್ರತಿಯಾಗಿ ನಿಲ್ಲುವಂತೆ ಕಾಣುವ ಎರಡು ಅಧ್ಯಯನಗಳನ್ನೂ ಇಲ್ಲಿ ಗಮನಿಸಬೇಕು. ಪೂರ್ವ ಆಫ್ರಿಕದ ಕಿಕುಯು ಮತ್ತು ಲುವೊ ಸಮುದಾಯಗಳ ಮಹಿಳೆಯರು ತಮ್ಮ ದೇಹತೂಕದ ಶೇ 20ರಷ್ಟು ಹೊರೆಯನ್ನು ಹೆಚ್ಚುವರಿ ಶಕ್ತಿ ವ್ಯಯಿಸದೆ ಹೊರಬಲ್ಲರೆಂದು 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಎವರೆಸ್ಟ್ ಪ್ರದೇಶದ ನೇಪಾಳಿ ಹಮಾಲರು ನಾಮ್ಲೊ ಎಂಬ ಹಣೆಪಟ್ಟಿಯ ಸಹಾಯದಿಂದ ಸರಾಸರಿಯಾಗಿ ತಮ್ಮ ದೇಹತೂಕಕ್ಕೆ ಸಮೀಪದ ಹೊರೆಯನ್ನು ಹೊರುತ್ತಾರೆಂದು 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ದಾಖಲಿಸಿತು. ಎಳವೆಯಿಂದ ರೂಢಿಸಿಕೊಂಡ ನಡಿಗೆಯ ಲಯವಿಲ್ಲದ, ಕಚೇರಿಯ ಕುರ್ಚಿಯಿಂದ ನೇರವಾಗಿ ಪರ್ವತದ ದಾರಿಗೆ ಬಂದ ಪ್ರವಾಸಿಗರು ಈ ಅಂಕಿಗಳಿಂದ ತಮ್ಮ ಸಾಮರ್ಥ್ಯವನ್ನು ಅಳೆದುಕೊಳ್ಳುವಂತಿಲ್ಲ. ಆದರೆ ಹಮಾಲರಂತೆ ನಿಧಾನವಾಗಿ ನಡೆದು, ಮತ್ತೆಮತ್ತೆ ನಿಂತು ದಣಿವಾರಿಸಿಕೊಳ್ಳುವ ವಿವೇಕವನ್ನು ಕಲಿಯಬಹುದು.

ಮೂಲತೂಕ ಎಂಬ ಲೆಕ್ಕ

ಹಗುರ ನಡಿಗೆಯ ಪರಿಭಾಷೆಯಲ್ಲಿ ಮೂಲತೂಕ ಎಂಬುದು ಕೇಂದ್ರಕಲ್ಪನೆ. ತುಂಬಿದ ಚೀಲದ ಒಟ್ಟು ತೂಕದಿಂದ ದಾರಿಯಲ್ಲಿ ಮುಗಿದುಹೋಗುವ ಅನ್ನ, ನೀರು, ಇಂಧನಗಳನ್ನು ಕಳೆದರೆ ಉಳಿಯುವುದೇ ಮೂಲತೂಕ. ನೀರು ಲೀಟರಿಗೆ ಒಂದು ಕೆ.ಜಿ. ತೂಗುವುದನ್ನು ಯಾರೂ ಬದಲಿಸಲಾರರು, ಆದರೆ ಮೂಲತೂಕ ಪಯಣಿಗರ ಆಯ್ಕೆಗೆ ಬಿಟ್ಟದ್ದು. ಆದ್ದರಿಂದಲೇ ಹೋಲಿಕೆಗೆ ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಲಾಗಿದೆ. ಡೇರೆಯನ್ನೂ ಹೊತ್ತು ಕಾಡುದಾರಿ ನಡೆಯುವ ಅಮೆರಿಕದವರ ರೂಢಿಯಲ್ಲಿ ಮೂಲತೂಕ ಸುಮಾರು 9 ಕೆ.ಜಿ.ಯೊಳಗಿದ್ದರೆ ಹಗುರ ನಡಿಗೆಯೆಂದೂ, ಸುಮಾರು 4.5 ಕೆ.ಜಿ.ಯೊಳಗಿದ್ದರೆ ಅತಿಹಗುರ ನಡಿಗೆಯೆಂದೂ ಕರೆಯುವುದುಂಟು.

ಈ ಚಿಂತನೆಗೆ ಪುಸ್ತಕರೂಪ ಕೊಟ್ಟು ಪ್ರಚುರಪಡಿಸಿದವರು ಪರ್ವತಾರೋಹಿ ರೇ ಜಾರ್ಡಿನ್. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು 4,265 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ದಾರಿಯ ಕುರಿತು 1990ರ ದಶಕದ ಆರಂಭದಲ್ಲಿ ಅವರು ಹೊರತಂದ ಕೈಪಿಡಿಯು ಡೇರೆಯ ಬದಲು ಹೊದಿಕೆಯ ಹಾಳೆಯನ್ನು, ಮಲಗುಚೀಲದ ಬದಲು ಕೌದಿಯಂಥ ಹೊದಿಕೆಯನ್ನು, ಮನೆಯಲ್ಲೇ ಹೊಲಿದ ಸರಳ ಚೀಲವನ್ನು ಸಮರ್ಥಿಸಿತು. ಒಂದು ವಸ್ತು ಹಗುರವಾದರೆ ಅದನ್ನು ಹೊರುವ ಚೀಲವೂ ಹಗುರವಾಗಬಹುದು, ಚೀಲ ಹಗುರವಾದರೆ ಬೂಟೂ ಹಗುರವಾಗಬಹುದು, ಬೂಟು ಹಗುರವಾದರೆ ದಿನಕ್ಕೆ ನಡೆಯುವ ದೂರ ಹೆಚ್ಚಿ, ಹೊರಬೇಕಾದ ಅನ್ನದ ದಿನಗಳೂ ಕಡಿಮೆಯಾಗಬಹುದು ಎಂಬ ಸರಪಳಿ ತರ್ಕ ಅವರ ವಾದದ ಬೆನ್ನೆಲುಬು.

ಆದರೆ ಜಾರ್ಡಿನ್ ಅವರಿಗಿಂತ ಸುಮಾರು ನಾಲ್ಕು ದಶಕ ಮೊದಲೇ, ಯಾವ ಸಿದ್ಧಾಂತದ ಹಂಗೂ ಇಲ್ಲದೆ ಇದನ್ನು ನಡೆದು ತೋರಿಸಿದವರು ಓಹಾಯೊ ರಾಜ್ಯದ ಎಮಾ ಗೇಟ್‌ವುಡ್. ಹನ್ನೊಂದು ಮಕ್ಕಳ ತಾಯಿಯಾಗಿದ್ದ ಅವರು 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, 3,000 ಕಿಲೋಮೀಟರ್‌ಗೂ ಹೆಚ್ಚು ಉದ್ದದ ಅಪಲೇಶಿಯನ್ ಟ್ರೇಲ್ ಅನ್ನು ಜಾರ್ಜಿಯಾದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ ಒಂಟಿಯಾಗಿ ನಡೆದು ಮುಗಿಸಿದರು. ಡೇರೆಯಿಲ್ಲ, ಮಲಗುಚೀಲವಿಲ್ಲ, ಪರ್ವತಾರೋಹಿಗಳ ಬೂಟಿಲ್ಲ. ಒಂದು ಹೆಗಲಿಗೆ ಜೋತುಬಿಟ್ಟ, ಸ್ವತಃ ಹೊಲಿದ ಡೆನಿಮ್ ಚೀಲ, ಕಾಲಿಗೆ ಸಾದಾ ಕ್ಯಾನ್ವಾಸ್ ಬೂಟು, ಒಂದು ಕಂಬಳಿ, ಮಳೆಗೆ ಸ್ನಾನಗೃಹದ ಪ್ಲಾಸ್ಟಿಕ್ ಪರದೆ ಇಷ್ಟೇ ಅವರ ಸರಂಜಾಮು. ಹಿಂದಿನ ವರ್ಷದ ಪ್ರಯತ್ನದಲ್ಲಿ ದಾರಿ ತಪ್ಪಿ, ಕನ್ನಡಕ ಮುರಿದುಕೊಂಡು ಅವರು ಹಿಂದಿರುಗಬೇಕಾಗಿತ್ತೆಂಬುದೂ ಈ ಕಥೆಯ ಭಾಗವೇ. ಆದರೂ ಅವರ ಹಗುರ ಚೀಲವನ್ನು ಹುಂಬತನವೆಂದು ಕರೆಯುವುದು ತಪ್ಪು. ಕಾಡಿನ ತಿನ್ನಬಹುದಾದ ಸೊಪ್ಪು ಹಣ್ಣುಗಳ ಪರಿಚಯ, ಹೊಲಮನೆಯ ದುಡಿಮೆಯಲ್ಲಿ ಗಟ್ಟಿಯಾದ ದೇಹ, ದಾರಿಬದಿಯ ಮನೆಯ ಬಾಗಿಲು ತಟ್ಟಿ ಜಗುಲಿಯಲ್ಲಿ ಮಲಗಲು ಜಾಗ ಕೇಳುವ ಸಂಕೋಚವಿಲ್ಲದ ಮನಸ್ಸು ಈ ಮೂರು ಅವರ ಚೀಲದಲ್ಲಿ ಇಲ್ಲದ ವಸ್ತುಗಳ ಜಾಗ ತುಂಬಿದ್ದವು.

ಯಾವುದಕ್ಕೂ ಇರಲಿ

ಚೀಲ ಭಾರವಾಗುವುದು ಅಗತ್ಯ ವಸ್ತುಗಳಿಂದಲ್ಲ, ಕಟ್ಟುವ ಕೊನೆಯ ಗಳಿಗೆಯಲ್ಲಿ ಮನೆಮಂದಿಯೆಲ್ಲ ಹೇಳುವ “ಯಾವುದಕ್ಕೂ ಇರಲಿ” ಎಂಬ ಮಾತಿನಿಂದ ಒಳಸೇರುವ ವಸ್ತುಗಳಿಂದ. ಆ ಮಾತಿನ ಹಿಂದಿರುವ ಕಾಳಜಿ ನಿಜವಾದದ್ದು. ಅದಕ್ಕೆ ಕೊಡಬೇಕಾದ ಉತ್ತರ ಹಟವಾಗಿರದೆ ತಿಳಿವಳಿಕೆಯಾಗಿರಬೇಕು. ಆ ವಸ್ತು ತಲುಪುವ ಊರಿನಲ್ಲಿ ಅಂಗಡಿಯಲ್ಲಿ ಸಿಗುತ್ತದೆಯೇ, ಇಲ್ಲದಿದ್ದರೆ ಆಗುವ ನಷ್ಟ ತೊಂದರೆಯೋ ಅಪಾಯವೋ, ಈಗಾಗಲೇ ಚೀಲದಲ್ಲಿರುವ ಇನ್ನೊಂದು ವಸ್ತು ಅದರ ಕೆಲಸ ಮಾಡಬಲ್ಲುದೇ ಎಂಬ ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಕಂಡುಕೊಂಡರೆ ಸಾಮಾನಿನ ಪಟ್ಟಿ ತಾನಾಗಿಯೇ ಕಿರಿದಾಗುತ್ತದೆ. ನಿತ್ಯ ಸೇವಿಸುವ ರಕ್ತದೊತ್ತಡದ ಮಾತ್ರೆ ಇಲ್ಲದಿರುವುದು ಅಪಾಯ. ಮೂರನೆಯ ಅಂಗಿ ಇಲ್ಲದಿರುವುದು ಹೆಚ್ಚೆಂದರೆ ತೊಂದರೆ. ಮೊದಲನೆಯದನ್ನು ಮೂಲ ಪೊಟ್ಟಣದ ಸಹಿತ, ಔಷಧದ ರಾಸಾಯನಿಕ ಹೆಸರು ಬರೆಸಿಕೊಂಡ ವೈದ್ಯರ ಚೀಟಿಯೊಂದಿಗೆ ಒಯ್ಯಬೇಕು. ಎರಡನೆಯದನ್ನು ಮನೆಯಲ್ಲಿ ಬಿಡಬೇಕು.

ಬೇಸಿಗೆಯ ಅಂಚಿನಲ್ಲಿ ಕಮೀನೊ ನಡೆಯಹೊರಟ, 60 ಕೆ.ಜಿ. ತೂಕದ ವ್ಯಕ್ತಿಯೊಬ್ಬರ ಚೀಲವನ್ನು ಉದಾಹರಣೆಯಾಗಿ ಲೆಕ್ಕಹಾಕಬಹುದು. 35 ಲೀಟರಿನ ಸುತ್ತಮುತ್ತಲ ಗಾತ್ರದ ಖಾಲಿ ಚೀಲ 1.1 ಕೆ.ಜಿ., ತೆಳು ಮಲಗುಚೀಲ 600 ಗ್ರಾಂ, ಮೈಮೇಲಿನದನ್ನು ಬಿಟ್ಟು ಉಳಿದ ಬಟ್ಟೆ 1.4 ಕೆ.ಜಿ., ಚೀಲವನ್ನೂ ಮುಚ್ಚುವ ಮಳೆಗವುಸು 300 ಗ್ರಾಂ, ಸಂಜೆಗೆ ಹಗುರ ಚಪ್ಪಲಿ 350 ಗ್ರಾಂ, ಔಷಧ ಮತ್ತು ಶೌಚಸಾಮಗ್ರಿ 500 ಗ್ರಾಂ, ಫೋನು, ಚಾರ್ಜರ್, ಪವರ್ ಬ್ಯಾಂಕ್ ಸೇರಿ 500 ಗ್ರಾಂ, ಕಾಗದಪತ್ರ ಮತ್ತು ಸಣ್ಣಪುಟ್ಟ ವಸ್ತು 200 ಗ್ರಾಂ. ಒಟ್ಟು 4.95 ಕೆ.ಜಿ. ಆಗುತ್ತದೆ, ಒಂದು ಲೀಟರ್ ನೀರು ಸೇರಿದರೆ ಹತ್ತರ ಒಂದು ಪಾಲಿನ ಗೆರೆಯೊಳಗೇ ಉಳಿಯುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದು ವಸ್ತುವನ್ನೂ ತೂಗಿ ಬರೆದುಕೊಳ್ಳುವವರಿಗೆ, ಭಾರ ಒಂದೆಡೆ ಗಡ್ಡೆಕಟ್ಟಿ ಕುಳಿತಿರದೆ ನೂರು ಗ್ರಾಂ, ಇನ್ನೂರು ಗ್ರಾಂಗಳಾಗಿ ಎಲ್ಲೆಡೆ ಹರಡಿರುವುದು ಕಾಣಿಸುತ್ತದೆ.

ಬಟ್ಟೆಯ ವಿಷಯದಲ್ಲಿ ಕರ್ನಾಟಕದಿಂದ ಹೊರಡುವವರು ಸಾಮಾನ್ಯವಾಗಿ ಮಾಡುವುದು ಯುರೋಪಿನ ಚಳಿಗೆಂದು ಒಂದೇ ದಪ್ಪ ಜರ್ಕಿನ್ ಕೊಳ್ಳುವುದು. ದೇಹವನ್ನು ಬೆಚ್ಚಗಿಡುವುದು ಬಟ್ಟೆಯ ದಪ್ಪಕ್ಕಿಂತ ಹೆಚ್ಚಾಗಿ ಅದರೊಳಗೆ ಸಿಕ್ಕಿಬಿದ್ದ, ಚಲಿಸದ ಗಾಳಿ. ಆದ್ದರಿಂದ ಬೆವರನ್ನು ಹೊರಗೆ ಸಾಗಿಸುವ ಒಳಪದರ, ಗಾಳಿಯನ್ನು ಹಿಡಿದಿಡುವ ನಡುಪದರ, ಮಳೆಗಾಳಿಗಳನ್ನು ತಡೆಯುವ ಹೊರಪದರ ಎಂಬ ಮೂರು ತೆಳು ಪದರಗಳು ಒಂದು ದಪ್ಪ ಪದರಕ್ಕಿಂತ ಹಗುರವಾಗಿಯೂ ಹೆಚ್ಚು ಉಪಯುಕ್ತವಾಗಿಯೂ ಇರುತ್ತವೆ. ದಪ್ಪ ಹತ್ತಿ ನೀರನ್ನು ಹೀರಿ ತಣ್ಣಗಾಗಿ, ಒಣಗಲು ಬಹಳ ಹೊತ್ತು ಹಿಡಿಯುವುದರಿಂದ ಜೀನ್ಸ್ ಪ್ಯಾಂಟು ದೂರನಡಿಗೆಗೆ ಒಗ್ಗುವುದಿಲ್ಲ. ಮೆರಿನೊ ಉಣ್ಣೆಯ ತೆಳು ಅಂಗಿ ಬೇಗ ವಾಸನೆ ಹಿಡಿಯದೆ ಹಲವು ದಿನ ಬಾಳುತ್ತದೆ. ಆದರೆ ಹತ್ತಿಯೆಲ್ಲವೂ ತ್ಯಾಜ್ಯವಲ್ಲ. ಕರಾವಳಿಯ ಮನೆಗಳಲ್ಲಿ ಬಳಸುವ ತೆಳು ಬೈರಾಸು ಟರ್ಕಿ ಟವೆಲಿಗಿಂತ ಎಷ್ಟೋ ಹಗುರವಾಗಿದ್ದು, ಬೇಗ ಒಣಗಿ, ಬಿಸಿಲಿಗೆ ತಲೆವಸ್ತ್ರವಾಗಿ, ಚಳಿಗೆ ಕೊರಳುವಸ್ತ್ರವಾಗಿ, ರಾತ್ರಿ ದಿಂಬಿನ ಮೇಲಿನ ಹೊದಿಕೆಯಾಗಿ ಒದಗುತ್ತದೆ.

ಎರಡೇ ಜೊತೆ ಬಟ್ಟೆಯಲ್ಲಿ ಐದು ವಾರ ಕಳೆಯುವ ಕ್ರಮ ಆಲ್ಬೆರ್ಗೆಯ ಮಧ್ಯಾಹ್ನಗಳಲ್ಲಿ ಕಣ್ಣಿಗೆ ಬೀಳುತ್ತದೆ. ಊರು ತಲುಪಿದ ಯಾತ್ರಿಕರು ಕೆಸರಿನ ಬೂಟುಗಳನ್ನು ಬಾಗಿಲ ಬಳಿಯ ಹಲಗೆಗಳ ಮೇಲೆ ಬಿಟ್ಟು, ಸ್ನಾನ ಮುಗಿಸಿ, ಮೈಗೆ ಹಚ್ಚಿದ ಅದೇ ಸೋಪಿನ ತುಂಡಿನಿಂದ ಅಂದಿನ ಅಂಗಿ, ಒಳಬಟ್ಟೆ, ಕಾಲುಚೀಲಗಳನ್ನು ತೊಟ್ಟಿಯ ಏಣುಗಲ್ಲಿನ ಮೇಲೆ ತಿಕ್ಕುತ್ತಾರೆ. ಹಿಂಡಿದ ಬಟ್ಟೆಯನ್ನು ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಮತ್ತೊಮ್ಮೆ ಬಿಗಿಯಾಗಿ ತಿರುಚಿದರೆ ಉಳಿದ ನೀರಿನ ಹೆಚ್ಚಿನ ಪಾಲು ಟವೆಲಿಗೆ ಸೇರಿ, ಹಗ್ಗದ ಮೇಲಿನ ಬಟ್ಟೆ ಸಂಜೆಯೊಳಗೆ ಒಣಗುತ್ತದೆ. ಉಣ್ಣೆಯ ಕಾಲುಚೀಲಗಳು ಮಾತ್ರ ಬೆಳಗಿನವರೆಗೂ ತೇವವಾಗಿದ್ದರೆ, ಅವನ್ನು ಸೇಫ್ಟಿ ಪಿನ್ನುಗಳಿಂದ ಚೀಲದ ಹೊರಮೈಗೆ ಚುಚ್ಚಿಕೊಂಡು ಹೊರಡುತ್ತಾರೆ. ನಡಿಗೆಯ ಗಾಳಿಬಿಸಿಲು ಉಳಿದ ಕೆಲಸ ಮಾಡುತ್ತದೆ. ಕೆಲವೇ ಗ್ರಾಂ ತೂಗುವ ನಾಲ್ಕು ಪಿನ್ನುಗಳು ಹೆಚ್ಚುವರಿ ಬಟ್ಟೆಯ ತೂಕವನ್ನು ಹೀಗೆ ಉಳಿಸುತ್ತವೆ.

ವಿಮಾನ ನಿಲ್ದಾಣದ ತಕ್ಕಡಿ

ಹಗುರ ಚೀಲದ ಮೊದಲ ಲಾಭ ನಡಿಗೆಗೂ ಮುಂಚೆ ವಿಮಾನ ನಿಲ್ದಾಣದಲ್ಲಿಯೇ ಕೈಗೂಡುತ್ತದೆ. ಭಾರತದಿಂದ ಹಾರುವ ಅನೇಕ ವಿಮಾನ ಸಂಸ್ಥೆಗಳು ಸಾದಾ ದರ್ಜೆಯ ಪ್ರಯಾಣಿಕರಿಗೆ 7 ಕೆ.ಜಿ. ಕೈಸಾಮಾನು ಒಯ್ಯಲು ಅವಕಾಶ ಕೊಡುವುದರಿಂದ, 5 ಕೆ.ಜಿ.ಯ ಚೀಲವನ್ನು ಅಳತೆಯ ಮಿತಿಯೊಳಗಿದ್ದರೆ ಆಸನದ ಮೇಲಿನ ಗೂಡಿನಲ್ಲೇ ಇರಿಸಬಹುದು. ವಿಮಾನ ಬದಲಿಸುವಾಗ ಸಾಮಾನು ಕಳೆಯುವ ಆತಂಕ ಇರುವುದಿಲ್ಲ. ದ್ರವಪದಾರ್ಥಗಳನ್ನು 100 ಮಿ.ಲೀ. ಮೀರದ ಬಾಟಲಿಗಳಲ್ಲಿ ಮಾತ್ರ ಒಳಗೆ ಒಯ್ಯಬೇಕೆಂಬ, 2006ರಿಂದ ವ್ಯಾಪಕವಾಗಿ ಜಾರಿಗೆ ಬಂದ ನಿಯಮ ಹಗುರ ಪಯಣಿಗರಿಗೆ ಅಡ್ಡಿಯಾಗದು, ಏಕೆಂದರೆ ಅವರ ಸೋಪು ಗಟ್ಟಿಯ ತುಂಡೇ ಆಗಿರುತ್ತದೆ. ಪವರ್ ಬ್ಯಾಂಕ್ ಅನ್ನು ಬೆಂಕಿಯ ಅಪಾಯದ ಕಾರಣದಿಂದ ಕೈಸಾಮಾನಿನಲ್ಲೇ ಇಡಬೇಕು. ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ 100 ವಾಟ್-ಅವರ್. ಮಾರುಕಟ್ಟೆಯಲ್ಲಿ ಸಾಮಾನ್ಯವಾದ 20,000 ಎಂಎಎಚ್ ಪವರ್ ಬ್ಯಾಂಕಿನ ಶಕ್ತಿ 3.7 ವೋಲ್ಟಿನ ಲೆಕ್ಕದಲ್ಲಿ 74 ವಾಟ್-ಅವರ್ ಆಗುವುದರಿಂದ ಅದು ಮಿತಿಯೊಳಗಿದೆ. ಆದರೆ ದಿನವೂ ಛತ್ರದಲ್ಲಿ ವಿದ್ಯುತ್ ಸಿಗುವ ದಾರಿಗೆ ಅದರ ಅರ್ಧ ಸಾಮರ್ಥ್ಯದ್ದು ಧಾರಾಳವಾಗಿ ಸಾಕು. ಊರುಗೋಲುಗಳನ್ನು ಮಾತ್ರ ಸಾಮಾನ್ಯವಾಗಿ ಕ್ಯಾಬಿನ್ನಿಗೆ ಬಿಡುವುದಿಲ್ಲವಾದ್ದರಿಂದ ಅವನ್ನು ನಡಿಗೆ ಆರಂಭಿಸುವ ಊರಿನಲ್ಲೇ ಕೊಳ್ಳುವುದು ಒಳ್ಳೆಯದು.

ತಿನಿಸಿನ ಗಂಟಿನ ಕುರಿತು ಕನ್ನಡದ ಮನೆಗಳು ವಿಶೇಷವಾಗಿ ಎಚ್ಚರ ವಹಿಸಬೇಕಾದ ಕೆಲವು ಸಂಗತಿಗಳಿವೆ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಅಂತಾರಾಷ್ಟ್ರೀಯ ವರ್ಗದಲ್ಲಿ ಸೇರಿದ್ದು, ವಿಮಾನ ಸಂಸ್ಥೆಗಳು ಅದನ್ನು ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿ ಇರಿಸಿವೆ. ತಿಪಟೂರಿನ ಉಂಡೆ ಕೊಬ್ಬರಿಯನ್ನು ಪ್ರೀತಿಯಿಂದ ಕಟ್ಟಿಕೊಟ್ಟರೂ ಅದು ನಿಲ್ದಾಣದಲ್ಲೇ ಉಳಿಯುತ್ತದೆ. ಪಾಯಸಕ್ಕೆ ಬಳಸುವ ಗಸಗಸೆ ಅಫೀಮು ಗಿಡದ ಬೀಜವಾದ್ದರಿಂದ ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಸಿಂಗಪುರದಲ್ಲಿ ಅದಕ್ಕೆ ನಿಷೇಧವಿದ್ದು, ಬೆಂಗಳೂರಿನಿಂದ ದುಬೈ ಮಾರ್ಗವಾಗಿ ಯುರೋಪಿಗೆ ಹೋಗುವವರಿಗೆ ಇದು ಗಂಭೀರ ವಿಷಯ. ಐರೋಪ್ಯ ಒಕ್ಕೂಟಕ್ಕೆ ಹೊರಗಿನ ದೇಶಗಳಿಂದ ಹಾಲು ಹಾಗೂ ಹಾಲಿನ ಉತ್ಪನ್ನಗಳನ್ನು ಪ್ರಯಾಣಿಕರು ಒಯ್ಯುವಂತಿಲ್ಲವಾದ್ದರಿಂದ ತುಪ್ಪದ ಡಬ್ಬಿ, ಪೇಡೆಗಳ ಪೊಟ್ಟಣ ಮನೆಯಲ್ಲೇ ಇರಬೇಕು. ಅನ್ನ ಬೇಯಿಸಿಕೊಳ್ಳಬಹುದಾದ ಅಡುಗೆಮನೆ ಅನೇಕ ಆಲ್ಬೆರ್ಗೆಗಳಲ್ಲಿ ಇರುವುದರಿಂದ ಇನ್ನೂರು ಗ್ರಾಂ ಚಟ್ನಿಪುಡಿ, ಒಂದಿಷ್ಟು ಸಾರಿನಪುಡಿ ನಾಲಿಗೆಯ ಬೇಸರ ಕಳೆಯಲು ಸಾಕು. ಉಳಿದ ಹಸಿವೆಗೆ ಆ ನಾಡಿನ ರೊಟ್ಟಿ, ಬೇಳೆಕಾಳು, ಹಣ್ಣುಗಳಿವೆ.

ಉಳಿಸಿಕೊಳ್ಳಬೇಕಾದ ತೂಕ

ಹಗುರಗೊಳಿಸುವ ಉತ್ಸಾಹ ಎಲ್ಲವನ್ನೂ ಗ್ರಾಂಗಳಲ್ಲಿ ಅಳೆಯತೊಡಗಿದಾಗ, ಕೆಲವು ವಸ್ತುಗಳ ತೂಕ ತಕ್ಕಡಿಗೆ ಸಿಗದೆಂಬ ವಿವೇಕವೂ ಜೊತೆಗಿರಬೇಕು. ಜಪಾನಿನ ಕವಿ ಬಾಶೊ 1689ರಲ್ಲಿ ಶಿಷ್ಯ ಸೊರಾನೊಡನೆ ಉತ್ತರದ ಒಳನಾಡಿಗೆ ಕಾಲ್ನಡಿಗೆಯಲ್ಲಿ ಹೊರಟಾಗ ಬರಿಗೈಯಲ್ಲಿ ಹೋಗುವ ಉದ್ದೇಶವಿದ್ದರೂ, ರಾತ್ರಿಯ ಚಳಿಗೆ ಕಾಗದದ ಮೇಲಂಗಿ, ಸ್ನಾನಾನಂತರದ ಹತ್ತಿಯ ನಿಲುವಂಗಿ, ಮಳೆಗವುಸು, ಶಾಯಿ, ಕುಂಚಗಳ ಜೊತೆಗೆ ಬೀಳ್ಕೊಟ್ಟವರ ಉಡುಗೊರೆಗಳೂ ಸೇರಿ ಮೊದಲ ದಿನವೇ ಬಡಕಲು ಹೆಗಲು ನೋಯುತ್ತಿದ್ದುದನ್ನು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ಆ ಉಡುಗೊರೆಗಳನ್ನು ಎಸೆಯಲು ಅವನಿಗೆ ಮನಸ್ಸು ಬರಲಿಲ್ಲ. ಕಮೀನೊ ದಾರಿಯಲ್ಲಿ ಸುಮಾರು 1,500 ಮೀಟರ್ ಎತ್ತರದಲ್ಲಿರುವ ಕ್ರೂಸ್ ದೆ ಫೆರೊ ಎಂಬ ಕಬ್ಬಿಣದ ಶಿಲುಬೆಯ ಬುಡದಲ್ಲಿ ಇಡಲೆಂದೇ, ಗ್ರಾಂ ಗ್ರಾಂ ಲೆಕ್ಕಹಾಕಿ ಚೀಲ ಕಟ್ಟಿದ ಯಾತ್ರಿಕರು ತಮ್ಮ ಊರಿನಿಂದ ಒಂದು ಕಲ್ಲನ್ನು ಹೊತ್ತು ತರುತ್ತಾರೆ.

ಇದೇ ಸಾಲಿನಲ್ಲಿ ನಿಲ್ಲುವ ಇನ್ನೊಂದು ಪಯಣಕ್ಕೆ ಕರ್ನಾಟಕದ ನಂಟಿದೆ. ಸತೀಶ್ ಕುಮಾರ್ ಮತ್ತು ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಇ.ಪಿ. ಮೆನನ್ 1962ರಲ್ಲಿ ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟು, ಅಣ್ವಸ್ತ್ರಗಳ ವಿರುದ್ಧ ಶಾಂತಿಯ ಸಂದೇಶದೊಂದಿಗೆ ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್‌ಗಳ ಮೂಲಕ ಮಾಸ್ಕೊ, ಪ್ಯಾರಿಸ್, ಲಂಡನ್ ತಲುಪಿ, ಅಟ್ಲಾಂಟಿಕ್ ಸಾಗರವನ್ನು ಹಡಗಿನಲ್ಲಿ ದಾಟಿ ವಾಷಿಂಗ್ಟನ್ನಿನವರೆಗೂ ಹೋದರು. ಹಣವನ್ನು ಒಯ್ಯಬಾರದು, ಸಸ್ಯಾಹಾರ ಬಿಡಬಾರದು ಎಂದು ವಿನೋಬಾ ಭಾವೆ ಅವರಿಗೆ ತಿಳಿಹೇಳಿದ್ದರು. ಹಣವಿಲ್ಲದ ಪಯಣಿಗರು ಪ್ರತಿ ಸಂಜೆಯೂ ಯಾರದೋ ಮನೆಯ ಬಾಗಿಲಿಗೆ ಹೋಗಲೇಬೇಕು, ಹೋದಮೇಲೆ ಮಾತಾಡಲೇಬೇಕು. ಹೀಗಾಗಿ ಚೀಲದಲ್ಲಿ ಹಣ ಇಲ್ಲದ್ದೇ ಅವರ ಸಂದೇಶಕ್ಕೆ ದಾರಿಯಾಯಿತು. ಸೋವಿಯತ್ ನೆಲದ ಚಹಾ ಕಾರ್ಖಾನೆಯೊಂದರ ಬಳಿ ಕಂಡ ಮಹಿಳೆಯೊಬ್ಬರು, ಆಗ ಅಣ್ವಸ್ತ್ರವಿದ್ದ ನಾಲ್ಕು ದೇಶಗಳ ನಾಯಕರಿಗೆ ತಲುಪಿಸಲೆಂದು ನಾಲ್ಕು ಪೊಟ್ಟಣ ಚಹಾ ಕೊಟ್ಟಾಗ ಅವರು ಅದನ್ನು ಸಂತೋಷದಿಂದ ಹೊತ್ತರು. ಹಣವನ್ನೇ ಬಿಟ್ಟು ಬಂದವರು ಅಪರಿಚಿತರ ಚಹಾವನ್ನು ರಾಜಧಾನಿಯಿಂದ ರಾಜಧಾನಿಗೆ ಒಯ್ದದ್ದರಲ್ಲಿ, ಯಾವುದನ್ನು ಬಿಡಬೇಕು, ಯಾವುದನ್ನು ಹೊರಬೇಕು ಎಂಬ ವಿವೇಚನೆಯ ಶ್ರೇಷ್ಠ ಮಾದರಿಯಿದೆ.

ಇಳಿಸಿದ ಹೊರೆ ಯಾರ ಮೇಲೆ

ಚೀಲವನ್ನು ಹಗುರಗೊಳಿಸುವ ಎಲ್ಲ ಬಗೆಗಳೂ ಸಮಾನವಾಗಿ ಗೌರವಾರ್ಹವಲ್ಲ. ಪರ್ವತಪ್ರವಾಸಗಳಲ್ಲಿ ಪ್ರವಾಸಿಗರ ಬೆನ್ನಿನಿಂದ ಇಳಿದ ಹೊರೆ ಅನೇಕ ಸಲ ಬಡ ಹಮಾಲರ ಬೆನ್ನೇರುತ್ತದೆ. ಈ ಅನ್ಯಾಯವನ್ನು ಮನಗಂಡು ಪೆರು ದೇಶ 2001ರಲ್ಲಿ ಕಾನೂನು ತಂದು ಇಂಕಾ ದಾರಿಯಂಥ ಕಡೆಗಳಲ್ಲಿ ಹಮಾಲರ ಹೊರೆಗೆ 20 ಕೆ.ಜಿ.ಯ ಮಿತಿ ಹಾಕಿತು. ತಾಂಜಾನಿಯಾದ ಕಿಲಿಮಂಜಾರೊದಲ್ಲಿಯೂ 20 ಕೆ.ಜಿ.ಯ ಮಿತಿ ಗೊತ್ತಾಗಿದೆ. ನಿಯಮಗಳನ್ನು ಪಾಲಿಸುವ ಸಂಸ್ಥೆಯನ್ನೇ ಆರಿಸಿಕೊಳ್ಳುವುದು, ಹಮಾಲರ ಬಟ್ಟೆ, ಬೂಟು, ಊಟ, ಮಲಗುವ ಏರ್ಪಾಡುಗಳನ್ನು ವಿಚಾರಿಸುವುದು, ತನ್ನ ಸಾಮಾನಿನ ಪಟ್ಟಿಯನ್ನು ಅವರ ಬೆನ್ನನ್ನು ನೆನೆದು ಕಿರಿದುಗೊಳಿಸುವುದು ಪ್ರವಾಸಿಗರ ಕರ್ತವ್ಯ. ಕಮೀನೊದಲ್ಲಿ ಚೀಲವನ್ನು ಮುಂದಿನ ಊರಿಗೆ ವಾಹನದಲ್ಲಿ ಸಾಗಿಸುವ ಸೇವೆಯನ್ನು ಸ್ಪೇನಿನ ಅಂಚೆ ಸಂಸ್ಥೆಯೂ ನಡೆಸುತ್ತದೆ. ವಯಸ್ಸಾದವರಿಗೆ, ಕಾಲುನೋವಿನವರಿಗೆ ಅದು ವರದಾನವೇ ಸರಿ, ಅದನ್ನು ಬಳಸುವವರನ್ನು ಕೀಳಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಅತಿಯಾಗಿ ಕಟ್ಟಿಕೊಂಡು ಬಂದವರು ಹೆಚ್ಚಿನ ವಸ್ತುಗಳನ್ನು ಅಂಚೆಯ ಮೂಲಕ ನೇರವಾಗಿ ಸಾಂತಿಯಾಗೊಗೆ ಕಳುಹಿಸಿ, ತಲುಪಿದಾಗ ಬಿಡಿಸಿಕೊಳ್ಳುವ ಅನುಕೂಲವೂ ಅಲ್ಲಿದೆ.

ಆಲ್ಬೆರ್ಗೆಗಳ ಪೈಕಿ ದೊನಾತಿವೊ ಎಂಬ ಬಗೆಯವು ನಿಗದಿತ ಬಾಡಿಗೆ ಕೇಳುವುದಿಲ್ಲ. ತಂಗಿದವರು ಯಥಾಶಕ್ತಿ ಕಾಣಿಕೆಯನ್ನು ಪೆಟ್ಟಿಗೆಗೆ ಹಾಕಿ ಹೋಗುತ್ತಾರೆ, ಇಂದಿನವರು ಹಾಕಿದ್ದು ನಾಳೆ ಬರುವವರ ಊಟವಾಗುತ್ತದೆ. ದಾಸೋಹದ ಪರಂಪರೆಯನ್ನು ಬಲ್ಲ ನಾಡಿನವರಿಗೆ ಈ ಏರ್ಪಾಡಿನ ಮರ್ಮವನ್ನು ವಿವರಿಸಬೇಕಾಗಿಲ್ಲ. ಕಾಣಿಕೆಯ ಪೆಟ್ಟಿಗೆಯನ್ನು ಬಿಟ್ಟಿ ವಸತಿಯೆಂದು ತಿಳಿಯುವವರು ಅದನ್ನು ಬರಿದಾಗಿಸುತ್ತಾರೆ ಎಂಬ ಎಚ್ಚರವಷ್ಟೇ ಬೇಕು. ಛತ್ರಗಳನ್ನು ನೋಡಿಕೊಳ್ಳುವ ಓಸ್ಪಿತಲೇರೊಗಳಲ್ಲಿ ಅನೇಕರು ಸ್ವಯಂಸೇವಕರು. ಹಿಂದೆಂದೋ ಇದೇ ದಾರಿಯನ್ನು ನಡೆದುಹೋದವರು ರಜೆಯಲ್ಲಿ ಮರಳಿ ಬಂದು, ಎರಡು ವಾರಗಳ ಕಾಲ ನೆಲ ಒರೆಸಿ, ಅಡುಗೆ ಮಾಡಿ, ಬೊಬ್ಬೆಯೆದ್ದ ಪಾದಗಳಿಗೆ ಔಷಧ ಹಚ್ಚಿ, ತಮ್ಮ ಸರದಿಯ ಸೇವೆ ಮುಗಿಸಿ ಹೋಗುತ್ತಾರೆ. ಡೇರೆ, ಒಲೆ, ನಕಾಶೆಗಳನ್ನು ಹೊರದೆ ಐದು ವಾರ ನಡೆದವರು ಆ ದಾರಿಗೆ ಏನನ್ನು ಸಲ್ಲಿಸಬೇಕು ಎಂಬುದಕ್ಕೆ ಇವರ ಬದುಕೇ ಉತ್ತರ. ದೂರದ ನಡಿಗೆಗೆ ಸಿದ್ಧರಾಗುವ ಕನ್ನಡಿಗರು ಚೀಲದ ಪಟ್ಟಿಯನ್ನು ಬರೆಯುವಾಗ ಬಿಟ್ಟುಹೋಗುವ ಪ್ರತಿಯೊಂದು ವಸ್ತುವಿನ ಎದುರು ಅದರ ಕೆಲಸವನ್ನು ಯಾರು ವಹಿಸಿಕೊಳ್ಳಲಿದ್ದಾರೆ ಎಂಬುದನ್ನೂ ಬರೆದಿಟ್ಟುಕೊಂಡರೆ, ಹೊರೆಯ ಲೆಕ್ಕದ ಜೊತೆಗೆ ಋಣದ ಲೆಕ್ಕವೂ ಸ್ಪಷ್ಟವಾಗಿ, ಹೊರಡುವ ಮೊದಲೇ ಪಯಣದ ಅರ್ಧ ವಿದ್ಯೆ ಕೈವಶವಾಗುತ್ತದೆ.